ಅಚ್ಚಿನೊಳಗಿನ ನಾಗರತ್ನಾ

“ಯಾರಲೇ ಈ ನಾಗರತ್ನಾ?”

ಕಲ್ಯಾಣಕುಮಾರ ಬೆಂಚಿನಿಂದ ಎದ್ದು ಗೋಡೆಯತ್ತ ಬೆರಳು ತೋರಿಸಿದ. ಪ್ರೊಜೆಕ್ಟರಿನ ಬೆಳಕಿನಲ್ಲಿ ಅವನದೇ ಪುಟ ಗೋಡೆಯ ಮೇಲೆ ದೊಡ್ಡದಾಗಿ ಮೂಡಿತ್ತು. ಹೆಸರು: ಕಲ್ಯಾಣಕುಮಾರ. ಊರು: ಕಡಗಂಚಿ. ಇಷ್ಟದ ಆಟ: ಕಬಡ್ಡಿ. ಅದರ ಕೆಳಗೆ ಇನ್ನೊಂದು ಸಾಲು. ನನ್ನ ಗೆಳತಿ: ಅಂದೋಲಾದ ನಾಗರತ್ನಾ.

“ನಂಗ ಗೆಳತಿ ಅಂತ! ನಮ್ಮವ್ವ ನೋಡಿದ್ರ ಚಮಡಾ ಸುಲೀತಾಳ!”

ಐದನೇ ತರಗತಿಯೆಲ್ಲ ಹೋ ಎಂದು ನಕ್ಕಿತು. ಶರಣಬಸಮ್ಮ ಟೀಚರ್ ಮುಂದಿನ ಪುಟ ತೆಗೆದರು. ಅದು ಬೀರಣ್ಣನದು. ಅವನ ಗೆಳತಿಯೂ ಅಂದೋಲಾದ ನಾಗರತ್ನಾ. ಆಮೇಲೆ ಭುವನೇಶ್ವರಿಯದು. ಅಲ್ಲೂ ಅದೇ ಹೆಸರು.

“ಅಬಬಬಾ! ಎಷ್ಟು ಮಂದಿ ದೋಸ್ತರ್ರಿ ಟೀಚರ್ ಈ ನಾಗರತ್ನಾಗ!” ಎಂದ ಬೀರಣ್ಣ. “ಎಲೆಕ್ಷನ್‌ಗೆ ನಿಂತ್ರ ಆರಿಸಿ ಬರ್ತಾಳ!”

ಕಿಟಕಿಯ ಪಕ್ಕದ ಬೆಂಚಿನಲ್ಲಿ ಮಧುಮತಿ ತಲೆ ತಗ್ಗಿಸಿದಳು. ನಾಗರತ್ನಾ ಯಾರೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಆ ಪುಟಗಳನ್ನು ಮಾಡಿದವಳೂ ಅವಳೇ.

ಜೂನ್ ತಿಂಗಳಲ್ಲಿ ಅಪ್ಪನಿಗೆ ಕಡಗಂಚಿಯ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಅಪ್ಪ ಮತ್ತು ಮಧುಮತಿ ಅಂದೋಲಾ ಬಿಟ್ಟು ಇಲ್ಲಿಗೆ ಬಂದರು. ಅವ್ವ ಜೇವರ್ಗಿಯಲ್ಲಿ ನರ್ಸ್. ಅವಳಿಗೆ ಇನ್ನೂ ವರ್ಗ ಆಗಿರಲಿಲ್ಲ. ಭಾನುವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಈಗ ಅಕ್ಟೋಬರ್. ನಾಲ್ಕು ತಿಂಗಳಲ್ಲಿ ಮಧುಮತಿ ತರಗತಿಯಲ್ಲಿ ಹೆಚ್ಚು ಆಡಿದ ಮಾತೆಂದರೆ “ಹಾಜರ್ರಿ ಟೀಚರ್”.

ಶಾಲೆಗೆ ಒಂದು ವೆಬ್‌ಸೈಟ್ ಮಾಡಬೇಕು, ಅದರಲ್ಲಿ ಪ್ರತಿ ಮಗುವಿಗೂ ಒಂದು ಪುಟ ಇರಬೇಕು ಎಂಬುದು ಟೀಚರ್ ಆಸೆ. ಎಲ್ಲರಿಂದ ಚೀಟಿ ಬರೆಸಿ ಮಧುಮತಿಯ ಕೈಗೆ ಕೊಟ್ಟಿದ್ದರು. “ನಿಮ್ಮಪ್ಪಾರ್ನ ಕೇಳಿ ಮಾಡ್ಕೊಂಡು ಬಾ” ಎಂದಿದ್ದರು.

ಅವಳು ಮೊದಲು ತನ್ನ ಪುಟವನ್ನು ಕೈಯಿಂದಲೇ ಮಾಡಿದಳು. ಅದಕ್ಕೆ ಪೂರ್ತಿ ಒಂದು ಸಂಜೆ ಹಿಡಿಯಿತು. ಚೀಟಿಯಲ್ಲಿ ಹೆಸರು, ಊರು, ಆಟ ಮಾತ್ರ ಇದ್ದವು. ನಾಲ್ಕನೆಯ ಸಾಲನ್ನು ಅವಳೇ ಸೇರಿಸಿದ್ದಳು. ಅಂದೋಲಾದಲ್ಲಿ ಬಿಟ್ಟು ಬಂದ ಗೆಳತಿ ನಾಗರತ್ನಾಳ ಹೆಸರನ್ನು ಎಲ್ಲಾದರೂ ಬರೆಯಬೇಕು ಅನ್ನಿಸಿತ್ತು, ಅಷ್ಟೇ. ನಾಗರತ್ನಾಳ ಮನೆಯಲ್ಲಿ ಫೋನ್ ಇದ್ದದ್ದು ಅವಳ ಅಣ್ಣನ ಹತ್ತಿರ. “ಆಮ್ಯಾಲ ಮಾಡ್ತೇನಿ ಬೇ” ಎಂದು ಅವಳು ಹೇಳಿ ಮೂರು ವಾರ ಆಗಿತ್ತು.

“ಇನ್ನೂ ಇಪ್ಪತ್ತೇಳು ಹಿಂಗೇ ಮಾಡ್ತಿಯೇನು?” ಎಂದು ಅಪ್ಪ ನಕ್ಕಿದ್ದ. “ಇಟ್ಟಂಗಿ ಭಟ್ಟಿ ನೋಡೀದಿಲ್ಲ? ಅಲ್ಲಿ ಒಂದೊಂದು ಇಟ್ಟಂಗಿ ಕೈಲೆ ತಿದ್ದಿ ಮಾಡ್ತಾರೇನು? ಒಂದು ಅಚ್ಚು ಇರ್ತದ. ಮಣ್ಣು ತುಂಬ್ತಾರ, ಎತ್ತಿ ಇಡ್ತಾರ. ನಿನ್ನ ಪುಟಾನೇ ಅಚ್ಚು ಮಾಡೋಣು.”

ಅಪ್ಪ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಪರದೆ ತೆರೆದ. ಅದರಲ್ಲಿ ಚಿತ್ರ ಇರಲಿಲ್ಲ, ಬಟನ್ ಇರಲಿಲ್ಲ, ಮೌಸ್ ಕೂಡ ಬೇಕಿರಲಿಲ್ಲ. ‘ಪುಟ’ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಒಂದು ಹೆಸರು ಬರೆದು, ಎಂಟರ್ ಒತ್ತಬೇಕು. ಕಂಪ್ಯೂಟರ್ ಆ ಹೆಸರಿನ ಊರನ್ನೂ ಆಟವನ್ನೂ ಪಟ್ಟಿಯಿಂದ ಎತ್ತಿ, ಅಚ್ಚಿನ ಖಾಲಿ ಜಾಗದಲ್ಲಿ ತುಂಬುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ ‘ಸಿದ್ಧ’ ಎಂಬ ಪದ ಬರುತ್ತಿತ್ತು.

ಪುಟ ಬೀರಣ್ಣ. ಸಿದ್ಧ. ಪುಟ ಭುವನೇಶ್ವರಿ. ಸಿದ್ಧ.

ಆ ಹೆಸರುಗಳನ್ನು ಮಧುಮತಿ ಶಾಲೆಯಲ್ಲಿ ಒಮ್ಮೆಯೂ ಕರೆದಿರಲಿಲ್ಲ. ಇಲ್ಲಿ ಕರೆದ ಕೂಡಲೇ ಉತ್ತರ ಬರುತ್ತಿತ್ತು. ಆ ಖುಷಿಯಲ್ಲಿ ಅವಳು ಒಂದು ಪುಟವನ್ನೂ ತೆರೆದು ನೋಡಲಿಲ್ಲ. ಅಚ್ಚು ಮಾಡುವಾಗ ತನ್ನ ಹೆಸರು, ಊರು, ಆಟ ಅಳಿಸಿದ್ದಳು. ನಾಲ್ಕನೆಯ ಸಾಲು ಮಾತ್ರ ಹಾಗೇ ಉಳಿದಿತ್ತು.

“ತಪ್ಪಾತ್ರಿ ಟೀಚರ್,” ಮಧುಮತಿ ಎದ್ದು ನಿಂತಳು. “ಆ ಸಾಲು ತೆಗೆದು ಬಿಡ್ತೇನ್ರಿ.”

“ಯಾಕ ತೆಗೀತಿ? ಸಾಲು ಚಲೋ ಅದ,” ಎಂದರು ಟೀಚರ್. “ಗೆಳೆಯ ಇಲ್ಲಾ ಗೆಳತಿ ಅಂತ ಮಾಡು. ಎಲ್ಲಾರ್ನೂ ಕೇಳಿ ಬರಿ. ಶನಿವಾರ ಪಾಲಕರ ಸಭೆ ಅದ. ಅವರಿಗೆ ತೋರಿಸ್ಬೇಕು.”

ಅಂದು ಗುರುವಾರ. ಸಂಜೆ ಮಧುಮತಿ ಮನೆಗೆ ಬಂದವಳೇ ಅಚ್ಚನ್ನು ತಿದ್ದಿದಳು. ಖುಷಿಯಿಂದ ಬೀರಣ್ಣನ ಪುಟ ತೆರೆದಳು. ಅಂದೋಲಾದ ನಾಗರತ್ನಾ ಅಲ್ಲೇ ಇದ್ದಳು.

“ಅಪ್ಪಾ, ಅಚ್ಚು ಸರಿ ಮಾಡೀನಿ. ಆದ್ರೂ ಹಂಗೇ ಅದ!”

“ಅಚ್ಚು ಸರಿ ಮಾಡಿದ್ರ ಮುಂದಿನ ಇಟ್ಟಂಗಿ ಸರಿ ಬರ್ತಾವ, ಮಗಾ. ಆಗಲೇ ಸುಟ್ಟಿದ್ದು?” ಅಪ್ಪ ಅವಳ ತಲೆ ಸವರಿದ. “ಎಲ್ಲಾ ಹೊಸದಾಗಿ ತೆಗೀಬೇಕು. ಪಟ್ಟಿಯೊಳಗ ದೋಸ್ತರ ಹೆಸರು ಬೇಕಲ್ಲ, ಅವನ್ನ ಕಂಪ್ಯೂಟರ್ ಹೇಳಂಗಿಲ್ಲ. ಹೋಗಿ ಕೇಳ್ಬೇಕು.”

ಅದೇ ಅವಳಿಗೆ ಬೇಡವಾಗಿತ್ತು.

ಶುಕ್ರವಾರ ಊಟದ ಬಿಡುವಿನಲ್ಲಿ ಅವಳು ನೋಟ್‌ಬುಕ್ ಹಿಡಿದು ಹೊರಟಳು. ಮೊದಲನೆಯವರ ಮುಂದೆ ನೋಟ್‌ಬುಕ್ಕನ್ನೇ ಚಾಚಿದಳು.

“ನಂದು ರಾಜಾ ಅಂತ ಬರಿ,” ಎಂದ ಬೀರಣ್ಣ.

“ಯಾವ ರಾಜಾ? ನಮ್ಮ ಕ್ಲಾಸಿನ್ಯಾಗ ಇಲ್ಲಲ್ಲ?”

“ನಮ್ಮ ಮನಿ ಹೋತ. ನಗಬ್ಯಾಡ! ಖರೇ ದೋಸ್ತ ಅಂವ. ನಾ ಕರದ್ರ ಮೇವು ಬಿಟ್ಟು ಬರ್ತಾನ.”

ಮಧುಮತಿ ನಗದೆ ಬರೆದುಕೊಂಡಳು. ಭುವನೇಶ್ವರಿ ಮೂರು ಹೆಸರು ಹೇಳಿದಳು. ಕಲ್ಯಾಣಕುಮಾರ ಐದು ಹೇಳಿ, ಒಂದನ್ನು ಹೊಡೆದು ಹಾಕಿಸಿದ. “ನಿನ್ನೆ ಔಟ್ ಇಲ್ದಿದ್ರೂ ಔಟ್ ಅಂದಾನ. ಅಂವನ್ನ ತೆಗಿ.”

ಇಪ್ಪತ್ತಾರು ಮಂದಿ ಮುಗಿದರು. ಎಲ್ಲರಿಗೂ ಹೆಸರುಗಳಿದ್ದವು. ಯಾರೂ ಮಧುಮತಿ ಎನ್ನಲಿಲ್ಲ. ನಿಂದು ಯಾರು ಎಂದೂ ಕೇಳಲಿಲ್ಲ. ಅವಳು ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತಳು.

ಉಳಿದವಳು ನಿಂಬೆವ್ವ ಒಬ್ಬಳೇ. ಮನೆಯವರು ಅವಳಿಗೆ ಅಜ್ಜಿಯ ಹೆಸರಿಟ್ಟಿದ್ದರು. ತರಗತಿಯಲ್ಲಿ ಎಲ್ಲರೂ ಅವಳನ್ನು ಲಿಂಬಿಕಾಯಿ ಎನ್ನುತ್ತಿದ್ದರು. ಅವಳು ನೀರಿನ ಟಾಕಿಯ ಹಿಂದೆ ಕುಳಿತು ತಾಟು ತೊಳೆಯುತ್ತಿದ್ದಳು. ತಾಟು ಆಗಲೇ ಸ್ವಚ್ಛವಾಗಿತ್ತು. ಆದರೂ ತೊಳೆಯುತ್ತಲೇ ಇದ್ದಳು.

“ನಿಂಬೆವ್ವಾ, ನಿನ್ನ ಗೆಳತಿ ಯಾರು? ಬರ್ಕೊಬೇಕು.”

ನಿಂಬೆವ್ವ ತಲೆ ಎತ್ತಲಿಲ್ಲ. “ನಂದು ಹಂಗೇ ಇರಲಿ.”

“ಹಂಗೇ ಅಂದ್ರ?”

“ಮೊದಲ ಇತ್ತಲ್ಲ. ನಾಗರತ್ನಾ. ಅದೇ ಇರಲಿ.”

“ನಿಂಗ ನಾಗರತ್ನಾ ಗೊತ್ತೇ ಇಲ್ಲಲ್ಲ!”

“ಗೊತ್ತಿಲ್ಲ,” ನಿಂಬೆವ್ವ ನಲ್ಲಿ ಬಂದ್ ಮಾಡಿದಳು. “ಖಾಲಿ ಬಿಟ್ರ ನಾಳೆ ಗ್ವಾಡಿ ಮ್ಯಾಲ ಎಲ್ಲಾರಿಗೂ ಕಾಣಸ್ತದ. ನಮ್ಮವ್ವನೂ ಬರ್ತಾಳ.”

ನಿನ್ನೆ ಎಲ್ಲರೂ ನಕ್ಕಾಗ ನಿಂಬೆವ್ವ ನಕ್ಕಿದ್ದಳೇ? ಮಧುಮತಿಗೆ ನೆನಪಾಗಲಿಲ್ಲ. ಅವಳತ್ತ ತಿರುಗಿ ನೋಡಿರಲೇ ಇಲ್ಲ.

“ಹೆಂಗಿದ್ದಾಳಕಿ?” ನಿಂಬೆವ್ವ ಮೆಲ್ಲಗೆ ಕೇಳಿದಳು. “ಯಾರರ ಕೇಳಿದ್ರ ಹೇಳಾಕ ಬೇಕಲ್ಲ.”

“ಮುಂದಿನ ಹಲ್ಲು ಒಂದು ಮುರದದ. ಭಾಳ ಮಾತಾಡ್ತಾಳ. ಬಾವಿಗೆ ಕಲ್ಲು ಒಗೆದು ಒಂದು, ಎರಡು ಅಂತ ಎಣಿಸ್ತಾಳ, ಸಪ್ಪಳ ಯಾವಾಗ ಬರ್ತದ ಅಂತ…”

ಮಧುಮತಿ ಹೇಳುತ್ತಲೇ ಹೋದಳು. ಬೆಲ್ ಹೊಡೆದದ್ದು ಇಬ್ಬರಿಗೂ ತಡವಾಗಿ ಕೇಳಿಸಿತು.

ಸಂಜೆ ಅವಳು ಕಪ್ಪು ಪರದೆ ತೆರೆದು ಕುಳಿತಳು. ಒಂದೊಂದೇ ಹೆಸರು ಕರೆದಳು. ಈ ಸಲ ಪ್ರತಿ ಪುಟವನ್ನೂ ತೆರೆದು, ನಾಲ್ಕೂ ಸಾಲು ಓದಿ, ಮುಂದೆ ಹೋದಳು. ರಾಜಾ ಎಂಬ ಹೋತದ ಹೆಸರು ಬಂದಾಗ ಈಗ ನಗು ಬಂತು.

ಪುಟ ನಿಂಬೆವ್ವ. ಸಿದ್ಧ.

ಅಲ್ಲಿ ನಾಗರತ್ನಾ ಹಾಗೇ ಇದ್ದಳು. ಆ ಹೆಸರಿನ ಮುಂದೆ ಮಧುಮತಿ ಎಂದು ಸೇರಿಸಲು ಅವಳ ಬೆರಳು ‘ಮ’ ಅಕ್ಷರದ ತನಕ ಹೋಯಿತು. ಆದರೆ ಅದು ನಿಂಬೆವ್ವನ ಪುಟ. ಕೇಳದೆ ಬರೆದ ಹೆಸರು ಏನಾಗುತ್ತದೆ ಎಂದು ಅವಳು ನಿನ್ನೆಯಷ್ಟೇ ಗೋಡೆಯ ಮೇಲೆ ನೋಡಿದ್ದಳು.

ಅವಳು ಅದನ್ನು ಮುಚ್ಚಿ ತನ್ನ ಪುಟ ತೆರೆದಳು. ನನ್ನ ಗೆಳತಿ: ಅಂದೋಲಾದ ನಾಗರತ್ನಾ. ಅದರ ಮುಂದೆ ಒಂದು ಕಾಮಾ ಹಾಕಿದಳು.

“ಆತೇನವ್ವಾ?” ಅಡುಗೆಮನೆಯಿಂದ ಅಪ್ಪ ಕೂಗಿದ.

“ಒಂದು ಉಳದದಪ್ಪಾ,” ಎಂದಳು ಮಧುಮತಿ. “ನಾಳೆ ಜಲ್ದಿ ಶಾಲಿಗೆ ಹೋಗ್ತೇನಿ. ನಿಂಬೆವ್ವನ್ನ ಒಂದು ಮಾತು ಕೇಳ್ಬೇಕು.”