ಏಕವಚನದವನು

ಹಾಲಿನ ಡೈರಿಯ ಕೂಲರ್ ಕೆಟ್ಟಿತ್ತು. ರಿಪೇರಿಗೆ ಬಂದ ಮೆಕ್ಯಾನಿಕ್ ಯಂತ್ರದ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಾಗ, ಗೋಡೆಯಾಚೆ ಹಾಲು ಪರೀಕ್ಷಿಸುವ ಹುಡುಗಿ ಗೆಳತಿಗೆ ಹೇಳುತ್ತಿದ್ದಳು.

"ಅವನ ಮಂಡಿ ಊದಿಕೊಂಡಿದೆ ಕಣೆ. ಆದ್ರೂ ಹಠ ಬಿಡಲ್ಲ. ನಂಗೆ ನಿದ್ದೇನೇ ಬರ್ಲಿಲ್ಲ."

"ಹಾಗಾದ್ರೆ ಮೆಕ್ಯಾನಿಕ್ಕು?"

"ಅವರಾ? ಅವರು ಒಳ್ಳೆಯವರು, ಪಾಪ."

ಸ್ಪ್ಯಾನರ್ ತಿರುಗುವುದನ್ನು ನಿಲ್ಲಿಸಿತು. 'ಒಳ್ಳೆಯದು, ಪಾಪ' ಅನ್ನುವುದು ಮುದಿ ಎತ್ತಿಗೆ. ಅದಿರಲಿ, ತಾನು 'ಅವರು', ಮಂಡಿ ಊದಿದವನು 'ಅವನು'. ಬಹುವಚನವೆಂದರೆ ಹೊರಗೆ ಕುರ್ಚಿ ಹಾಕಿ ಕೂರಿಸುವುದು; ಏಕವಚನವೆಂದರೆ ಅಡುಗೆಮನೆಯವರೆಗೂ ಬಿಟ್ಟುಕೊಳ್ಳುವುದು.

ಈ ಹುಡುಗಿಯ ಸಂಬಂಧ ತಂದವಳು ಮೆಕ್ಯಾನಿಕ್ಕನ ಅಕ್ಕ. ನಾಲ್ಕು ಮಾತಾಡಿ ನೋಡಿ, ಭಾನುವಾರ ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ ಎಂದು ಇಬ್ಬರಿಗೂ ಹೇಳಿದ್ದಳು. ನಾಲಿಗೆಯ ತುದಿಗೆ ಬಂದಿದ್ದ ಅವನ ಹೂಂ ಈಗ ಗಂಟಲಿಗಿಳಿಯಿತು.

ಅನುಮಾನವೆಂಬುದು ಹುಳಿಯ ಹಾಗೆ. ಒಂದು ತೊಟ್ಟು ಬಿದ್ದರೆ ಕ್ಯಾನಿನ ಹಾಲೆಲ್ಲ ಕೆಡುತ್ತದೆ. ಮೇವಿನ ಲಾರಿಯ ಚಾಲಕ ಕಾಲೆಳೆಯುತ್ತ ಬಂದು ಹುಡುಗಿಯ ಬಳಿ ನೀರು ಕೇಳಿದ. ಅವಳು ನಗುತ್ತ ಕೊಟ್ಟಳು. ಮೆಕ್ಯಾನಿಕ್ ಲಾರಿಯ ಬಳಿಗೇ ಹೋದ.

"ಮಂಡಿಗೆ ಏನಾಯ್ತಣ್ಣ?"

"ಹಸು ಒದೀತು."

"ಯಾವ ಹಸು?"

"ಯಾಕಪ್ಪ, ಅದರ ಮೇಲೆ ಕೇಸ್ ಹಾಕ್ತೀಯಾ?"

ಶನಿವಾರ ಹಾಲು ಹಾಕುವವರೆಲ್ಲ ಹೋದ ಮೇಲೆ ಅವಳು ಕ್ಯಾನ್ ತೊಳೆಯುತ್ತಿದ್ದಳು. ಅವನು ಸುತ್ತಿ ಬಳಸಲಿಲ್ಲ.

"ಆ ಮಂಡಿ ಊದಿದವನು ಯಾರು?"

ಹಾಲಿಗೆ ನೀರು ಬೆರೆಸಿದವರನ್ನು ನೋಡುವಂತೆ ಅವಳು ಅವನನ್ನು ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಚೀಲದಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದಳು. ಮುಖಪುಟದಲ್ಲಿ ಚೆಂಡಿನತ್ತ ಹಾರಿದ ಗೋಲ್‌ಕೀಪರ್.

"ಇವನೇ. ಕಾದಂಬರಿಯೋನು. ಇವನ ಮಂಡಿ ನೋಡ್ಕೊಳ್ಳೋ ಟೀಮಿನ ಫಿಸಿಯೋ ಹುಡುಗಿ ಇವನಿಗೆ ಬೈತಾ ಬೈತಾನೇ ಪ್ರೀತಿ ಮಾಡ್ತಾಳೆ. ನಂಗೆ ಇಬ್ಬರೂ ಇಷ್ಟ. ಇವನು ಸ್ವಲ್ಪ ಜಾಸ್ತಿ."

ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಲಾರಿಯವನಾದರೆ ಜಗಳವನ್ನಾದರೂ ಆಡಬಹುದಿತ್ತು. ಇವನ ಅಂಗಿಗೆ ಗ್ರೀಸ್ ಅಂಟುವುದಿಲ್ಲ, ಇವನಿಗೆ ತಲೆಗೂದಲು ಉದುರುವುದಿಲ್ಲ.

"ಕೊಡಿ, ಓದಿ ನೋಡ್ತೀನಿ."

"ತಪ್ಪು ಹುಡುಕೋಕಾ?"

"ಮತ್ತೇನಕ್ಕೆ?"

ಭಾನುವಾರ ಸಂಜೆ ಅವನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಬಂದ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ಸಿಕ್ತಾ ತಪ್ಪು?"

"ಅವನು ಪರವಾಗಿಲ್ಲ. ಆದ್ರೆ ಅವಳು..." ಅವನ ದನಿ ತಾನಾಗಿ ಮೆತ್ತಗಾಯಿತು. "ಪಂದ್ಯ ಸೋತು ಕೂತಾಗ ಒಂದು ಮಾತೂ ಆಡದೆ ಅವನ ಬೂಟಿನ ದಾರ ಬಿಚ್ತಾಳಲ್ಲ. ಅದನ್ನೇ ಮತ್ತೆ ಮತ್ತೆ ಓದಿದೆ. ಅಂಥವಳು ಎಲ್ಲಿ ಸಿಗ್ತಾಳೆ?"

ಅವಳ ಕಣ್ಣು ಕಿರಿದಾಯಿತು. "ಅಷ್ಟೊಂದು ಹಿಡಿಸಿದಳಾ?"

"ಹಿಡಿಸಿದಳು."

"ತಲೆ ಕೆದರಿಕೊಂಡು ಕಂಡಕಂಡವರಿಗೆಲ್ಲ ಬೈತಾಳೆ. ಏನು ಕಂಡೆ ನೀನು ಅವಳಲ್ಲಿ?"

ಮಾತು ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. "ಕಂಡಿರಿ, ಅಂತ..."

"ತಿದ್ದಬೇಡ," ಎಂದ ಅವನು.

ಅವಳ ಕಿವಿ ಕೆಂಪಾಯಿತು. ಅನುಮಾನ ಮಾತ್ರ ಇಳಿಯಲಿಲ್ಲ. "ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ."

"ಪುಸ್ತಕದಲ್ಲಿ ಅವಳ ಮುಖ ಸರಿಯಾಗಿ ಬರೆದಿಲ್ಲ. ಅದಕ್ಕೆ ನಿನ್ನ ಮುಖ ಇಟ್ಕೊಂಡು ಓದಿದೆ."

"ನೀರು ಬೆರೆಸಿದ ಮಾತಲ್ಲ ತಾನೆ?"

"ಪರೀಕ್ಷೆ ಮಾಡೋದು ನಿನ್ನ ಕೆಲಸ."

ಅವಳು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಬಿಟ್ಟಳು. ಅವನು ಕೂರುವಷ್ಟರಲ್ಲಿ ಜೇಬಿನ ಫೋನ್ ಕೂಗಿತು.

"ಏನಂದಳೋ ಹುಡುಗಿ?" ಅಕ್ಕನ ತಾಳ್ಮೆ ಮುಗಿದಿತ್ತು.

"ಬೈತಿದ್ದಾಳೆ ಅಕ್ಕ," ಎಂದ ಅವನು. "ಹೂಂ ಅಂತ ತಿಳ್ಕೋ."