ಒಳಗೆ ನಕ್ಕವರು ಯಾರು?

"ಅಕ್ಕಾ, ನೀನು ಇಲ್ಲೇ ಇದ್ದೀಯಲ್ಲ," ಶರ್ವಾಣಿ ಪಿಸುಗುಟ್ಟಿದಳು. "ದೆನ್ ಹೂ ಈಸ್ ಇನ್‌ಸೈಡ್?"

ಜಾಲರಿ ಬಾಗಿಲಿನ ಹಿಡಿಕೆಯ ಮೇಲಿದ್ದ ಪೂರ್ವಿಯ ಕೈ ಅಲ್ಲೇ ನಿಂತಿತು. ಅವಳಿಗೂ ಕೇಳಿಸಿತ್ತು. ಮನೆಯೊಳಗೆ ಒಬ್ಬಳು ಹುಡುಗಿ ಮಾತಾಡುತ್ತಿದ್ದಳು.

"ನೋ ಅಮ್ಮಾ, ನೋ! ಸೇ ಇಟ್ ಅಗೇನ್!"

ಅದು ಪೂರ್ವಿಯದೇ ದನಿ.

ಪಕ್ಕದ ಬೀದಿಯ ಕಮಲಾ ಆಂಟಿ ಅಕ್ಕ ತಂಗಿಯರನ್ನು ಸ್ಕೂಲಿನಿಂದ ಕಾರಿನಲ್ಲಿ ತಂದು, ಇಳಿಸಿ, ಆಗಲೇ ಹೊರಟುಹೋಗಿದ್ದರು. ಕ್ಯಾನಿಂಗ್ ವೇಲ್ ಬಡಾವಣೆಯ ಆ ಬೀದಿಯಲ್ಲಿ ಈ ಹೊತ್ತಿಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಎಲ್ಲ ಗ್ಯಾರೇಜುಗಳೂ ಬಾಯಿ ಮುಚ್ಚಿಕೊಂಡಿದ್ದವು. ಬೇಲಿಯ ಮೇಲಿದ್ದ ಕಾಗೆಯೊಂದು ಹಸುಗೂಸು ಅತ್ತ ಹಾಗೆ ರಾಗ ಎಳೆಯಿತು. ಅಪ್ಪ ಕೆಲಸಕ್ಕೆಂದು ದೂರದ ಗಣಿಗೆ ಹೋಗಿದ್ದರು. ಅವರು ಬರುವುದು ಮುಂದಿನ ವಾರ.

"ಬೆಲ್ ಮಾಡ್ಲಾ?"

"ಶ್! ಬೇಡ."

ಬೆಲ್ ಮಾಡಿದರೆ ಬಾಗಿಲು ತೆಗೆಯಲು ಬರುವವರು ಯಾರು? ಆ ಯೋಚನೆಗೇ ಪೂರ್ವಿ ಹಿಡಿಕೆ ಬಿಟ್ಟು ಹಿಂದೆ ಸರಿದಳು.

ಒಳಗಿನಿಂದ ಈಗ ಅಮ್ಮನ ದನಿ ಬಂತು. "ಸಾರಿ ಪುಟ್ಟಾ. ಇನ್ನೊಂದ್ಸಲ ಹೇಳ್ತೀನಿ."

ಅದಕ್ಕೆ ಆ ಇನ್ನೊಂದು ಪೂರ್ವಿ ನಕ್ಕಳು. ಚೂಪಾದ, ಮುಳ್ಳಿನಂಥ ನಗು.

ಅಯ್ಯೋ, ಅಮ್ಮ ಅವಳನ್ನೇ ನಾನು ಅಂದುಕೊಂಡಿದ್ದಾಳೆ!

ಪೂರ್ವಿ ತಂಗಿಯ ಕೈ ಹಿಡಿದು ಮನೆಯ ಪಕ್ಕದಿಂದ ಸುತ್ತಿ ಹಿಂದಕ್ಕೆ ಹೋದಳು. ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಅಮ್ಮ ಒಬ್ಬಳೇ ನಿಂತು ಟವೆಲ್ ಮಡಿಸುತ್ತಿದ್ದಳು.

"ಸಾರಿ, ಸಾರಿ," ಎಂದಿತು ಅಮ್ಮನ ದನಿ.

ಆದರೆ ಅಮ್ಮನ ತುಟಿ ಅಲುಗಲೇ ಇಲ್ಲ.

ಶರ್ವಾಣಿ ಅಕ್ಕನ ಬೆನ್ನಿಗೆ ಅಂಟಿಕೊಂಡಳು. ಆಗ ಪೂರ್ವಿಗೆ ಕಂಡಿತು: ಸೋಪಿನ ಪುಡಿಯ ಡಬ್ಬಕ್ಕೆ ಒರಗಿಸಿಟ್ಟ ಅಮ್ಮನ ಫೋನು.

"ಬೇಬಿಗೆ ಇಟ್ ಅಂತಾರಾ? ಅದೇನು ಪಪ್ಪೀನಾ? ದೆ ವೋಂಟ್ ಗಿವ್ ಯೂ ದ ಜಾಬ್!" ಎಂದು ಫೋನು ಮತ್ತೆ ನಕ್ಕಿತು.

ಅದು ನಿನ್ನೆ ಸಂಜೆ ಅಮ್ಮನಿಗೆ ಇಂಗ್ಲಿಷ್ ಹೇಳಿಕೊಡಲು ಕೂತಾಗ ಪೂರ್ವಿಯೇ ಆಡಿದ್ದ ಮಾತು. ನಾಳೆ ಮಕ್ಕಳ ಡೇಕೇರ್‌ನಲ್ಲಿ ಅಮ್ಮನಿಗೆ ಇಂಟರ್‌ವ್ಯೂ. ಮೈಸೂರು ಬಿಟ್ಟು ಈ ದೇಶಕ್ಕೆ ಬಂದ ಮೇಲೆ ಇದೇ ಮೊದಲನೆಯದು. ಮಗು ಅಳುತ್ತೆ, ಮಗು ಮಲಗುತ್ತೆ ಎಂದೇ ಹೇಳಿ ರೂಢಿಯಾದ ಅಮ್ಮನ ಬಾಯಲ್ಲಿ ಇಂಗ್ಲಿಷಿನ ಮಗುವೂ 'ಇಟ್' ಆಗಿಬಿಡುತ್ತಿತ್ತು. ಬರ್ತಾರೆ, ಹೋಗ್ತಾರೆ ಎನ್ನುವ ರೂಢಿಗೆ ಅಪ್ಪ 'ದೆ' ಆಗುತ್ತಿದ್ದರು.

ಅಮ್ಮ ತಿರುಗಿ ನೋಡಿ, ತಟ್ಟನೆ ಫೋನು ನಿಲ್ಲಿಸಿದಳು. "ಬಂದ್ಬಿಟ್ರಾ? ಟೈಮ್ ನೋಡ್ಲೇ ಇಲ್ಲ ನೋಡು."

"ಅಮ್ಮಾ, ಯೂ ರೆಕಾರ್ಡೆಡ್ ಮೀ?"

"ನೀನು ಹೇಳ್ಕೊಟ್ಟಿದ್ದು ಮರ್ತೋಗತ್ತೆ ಅಂತ ಕಣೆ. ಬೆಳಗ್ಗಿಂದ ಅದನ್ನೇ ಕೇಳ್ತಿದ್ದೀನಿ. ಆದ್ರೂ ನಾಳೆ ಹೋಗೋದೋ ಬೇಡ್ವೋ ಅನ್ನಿಸ್ತಿದೆ."

ಪೂರ್ವಿ ನೆಲ ನೋಡಿದಳು. "ಆ ನಗೋದನ್ನಾದ್ರೂ ಕಟ್ ಮಾಡ್ಬೋದಿತ್ತು."

"ಅಯ್ಯೋ, ಅದು ಬೇಕೇ ಬೇಕು. ನೀನು ನಕ್ಕ ಕಡೆಯೆಲ್ಲ ನನ್ನ ತಪ್ಪಿರತ್ತೆ. ಇಲ್ದಿದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?"

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಟವೆಲಿನ ಅಂಚಿಗೆ ಅಂಚು ಕೂಡಿಸುತ್ತಾ ಹೇಳಿದ್ದಳು, ಅಷ್ಟೆ.

ಪೂರ್ವಿ ಬ್ಯಾಗು ಕೆಳಗಿಟ್ಟು ಬಟ್ಟೆಬುಟ್ಟಿಯ ಪಕ್ಕ ಕೂತಳು. "ಈಗ ನಾನು ಇಂಟರ್‌ವ್ಯೂ ಮಾಡೋ ಆಂಟಿ. ಟೆಲ್ ಮೀ ಅಬೌಟ್ ಯುವರ್ ಫ್ಯಾಮಿಲಿ."

ಅಮ್ಮ ಕೈಯಲ್ಲಿದ್ದ ಟವೆಲ್ ಪಕ್ಕಕ್ಕಿಟ್ಟಳು. "ಐ ಹ್ಯಾವ್ ಟೂ ಡಾಟರ್ಸ್. ದ ಸ್ಮಾಲ್ ಒನ್, ಇಟ್ ಈಸ್..."

ಪೂರ್ವಿಯ ಗಂಟಲಲ್ಲಿ ಏನೋ ಮೇಲೆದ್ದಿತು. ಅದೇ ನಗು! ಫೋನಿನಲ್ಲಿದ್ದದ್ದು ಇಲ್ಲೂ ಇತ್ತು, ತಾನಾಗಿ ಹೊರಗೆ ಬರಲು ನೋಡುತ್ತಿತ್ತು. ಅವಳು ತುಟಿ ಬಿಗಿದಳು.

ಅಮ್ಮ ಮಾತು ನಿಲ್ಲಿಸಿ, ಪೂರ್ವಿಯ ಮುಖವನ್ನೇ ನೋಡಿದಳು. ನಗುವಿಗಾಗಿ ಕಾಯುತ್ತಿದ್ದಳು. ಅದು ಬರಲಿಲ್ಲ. ಪೂರ್ವಿಯೂ ಕಾದಳು.

"ಶೀ," ಎಂದಳು ಅಮ್ಮ ಮೆಲ್ಲಗೆ. "ಶೀ ಈಸ್ ಸಿಕ್ಸ್."

ಪೂರ್ವಿ ತಲೆಯಾಡಿಸಿದಳು.

ಅಮ್ಮ ಬುಟ್ಟಿಯನ್ನು ಆಚೆ ಸರಿಸಿ ಅವಳ ಎದುರಿಗೇ ಕೂತಳು. "ಇನ್ನೊಂದು ಪ್ರಶ್ನೆ ಕೇಳು. ನಾಳೆ ಅವ್ರು ಒಂದಕ್ಕೇ ಬಿಡ್ತಾರಾ?"