ಕೊಳೆ ಎಣ್ಣೆಯಲ್ಲಿ ಚಿತ್ತಾಪುರಕ್ಕೆ

ಇಂಜಿನ್ ಓಡುತ್ತಿತ್ತು. ನಾನು ಅದರ ಕೆಳಗೆ ಅಂಗಾತ ಮಲಗಿದ್ದೆ.

ಕ್ಯಾಬಿನ್ ಬಾಗಿಲು ತೆರೆದ ಸದ್ದಾಯಿತು. ಯಾರೋ ಹತ್ತಿ ಡ್ರೈವರ್ ಸೀಟಿನಲ್ಲಿ ಕುಳಿತರು. ಪಿಕಪ್ಪಿನ ಹೊಟ್ಟೆ ನನ್ನ ಮೂಗಿನತ್ತ ಎರಡು ಬೆರಳು ಇಳಿಯಿತು.

"ಹೊರಗ ಬರಬ್ಯಾಡ್ರಿ ಅಕ್ಕಾ. ಹಂಗೇ ಮಲ್ಕೋರಿ."

ದನಿ ಗೊತ್ತಿತ್ತು. ರಮೇಶಕುಮಾರ. ಸೇಡಂನ ಕಲ್ಲಿನ ವ್ಯಾಪಾರಿ ನಾಗೇಂದ್ರಪ್ಪನ ಬಲಗೈ. ಸಾಹುಕಾರ ಬಾಯಲ್ಲಿ ಹೇಳದ್ದನ್ನೆಲ್ಲ ಇವನು ಕೈಯಲ್ಲಿ ಮಾಡುತ್ತಾನೆ.

"ಕ್ಲಚ್ಚೇ ಇಲ್ಲಲ್ಲ ಇದ್ರಾಗ," ಎಂದ. ಬಹಳ ಸಾವಕಾಶದ ಮಾತು. "ಯಾವ ಅಕ್ಷರಕ್ಕ ಹಾಕಿದ್ರ ಮುಂದ ಹೋಗ್ತದ?"

ನನ್ನ ಕಿವಿಯ ಪಕ್ಕದಲ್ಲೇ ಗೇರ್‌ಬಾಕ್ಸಿನೊಳಗೆ ಒಂದು ಗುದ್ದು ಕೇಳಿತು. ಪಾರ್ಕಿನಿಂದ ರಿವರ್ಸ್. ಇನ್ನೊಂದು ಗುದ್ದು. ನ್ಯೂಟ್ರಲ್. ಮತ್ತೊಂದು... ಡ್ರೈವ್.

ಈಗ ನನ್ನ ಜೀವ ಅವನ ಬ್ರೇಕ್ ಪೆಡಲ್ ಮೇಲಿತ್ತು.

ನಾಲ್ಕೂ ಚಕ್ರದ ಕೆಳಗೆ ಹಳೆಯ ರೈಲ್ವೆ ಸ್ಲೀಪರ್ ದಿಮ್ಮಿ ಕೊಟ್ಟು ಗಾಡಿಯನ್ನು ಎತ್ತರಿಸಿದ್ದೆ. ಅವನು ಕಾಲೆತ್ತಿದರೆ ಸಾಕು, ಎರಡು ಟನ್ ಕಬ್ಬಿಣ ಸ್ಲೀಪರ್ ಬಿಟ್ಟು ನನ್ನ ಎದೆಗೆ ಇಳಿಯುತ್ತದೆ.

ಹಾಗಾದರೆ ಇಂಜಿನ್ ಓಡಿಸಿ ಕೆಳಗೆ ಏಕೆ ಮಲಗಿದೆ ಎಂದು ಕೇಳುತ್ತೀರಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ ಮಟ್ಟವನ್ನು ಇಂಜಿನ್ ಓಡುವಾಗಲೇ ನೋಡಬೇಕು. ಎಣ್ಣೆ ಬೆಚ್ಚಗಾಗಬೇಕು. ಪಕ್ಕದ ಬಿರಡೆ ತೆಗೆದರೆ ಸಣ್ಣ ದಾರದಂತೆ ಸುರಿಯಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ವಾಡಿಯಲ್ಲಿ ಈ ಕೆಲಸ ಬಲ್ಲ ಮೆಕ್ಯಾನಿಕ್ ಇಲ್ಲ. ಎಲ್ಲರೂ ಹೈದರಾಬಾದಿಗೆ ಕಳಿಸು ಎನ್ನುತ್ತಾರೆ. ನಾನು ನನ್ನ ಅಂಗಳದಲ್ಲೇ ಮಾಡಿಕೊಳ್ಳುತ್ತೇನೆ.

ನಾನು ಸರಿತಾ. ಕಳುವಾದ ಗಾಡಿಗಳನ್ನು ವಿಮಾ ಕಂಪನಿಗಳಿಗೆ ಹುಡುಕಿಕೊಡುವುದು ನನ್ನ ಕಸುಬು. ಎಂಟು ವರ್ಷದ ಹಿಂದೆ ಕದ್ದ ಲಾರಿಯೊಂದರ ಬಾಗಿಲಿಗೆ ಜೋತುಬಿದ್ದು ಎಡ ಮೊಣಕಾಲು ಕಳೆದುಕೊಂಡೆ. ಅದು ಈಗ ಮಡಚುವುದಿಲ್ಲ. ಕ್ಲಚ್ ತುಳಿಯಲಾಗುವುದಿಲ್ಲ. ಅದಕ್ಕೇ ಈ ಗಾಡಿ.

"ಉಮಾದೇವಿ ಎಲ್ಲಿ ಅದಾಳ?" ರಮೇಶಕುಮಾರ ಕೇಳಿದ.

"ಯಾವ ಉಮಾದೇವಿ?"

ಅವನು ಬ್ರೇಕ್ ಸಡಿಲಿಸಿದ. ಗಾಡಿ ಒಂದು ಗೇಣು ಮುಂದೆ ತೆವಳಿತು. ಸ್ಲೀಪರ್ ನರಳಿತು. ನನ್ನ ಬಾಯಿಗೆ ಮಣ್ಣು ಉದುರಿತು.

"ಇನ್ನೊಂದ್ ಸಲ ಕೇಳ್ತೀನ್ರಿ..."

ಉಮಾದೇವಿ ಸೇಡಂನ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಹಾಕುವ ಹೆಂಗಸು. ಎರಡು ತಿಂಗಳ ಹಿಂದೆ ನಾಗೇಂದ್ರಪ್ಪನ ಕಾರು ದಂಡೋತಿ ಸೇತುವೆಯ ಮೇಲೆ ತೌಹೀದ ಎಂಬ ಲೈನ್‌ಮನ್‌ನನ್ನು ಬೈಕ್ ಸಮೇತ ಅರೆದುಹಾಕಿತು. ಕಾರು ಹಿಂದಿನ ದಿನವೇ ಕಳುವಾಗಿತ್ತು ಎಂದು ನಾಗೇಂದ್ರಪ್ಪ ಬರೆದುಕೊಟ್ಟ. ವಿಮಾ ಕಂಪನಿ ಆ ಕಳವನ್ನು ಪರೀಕ್ಷಿಸಲು ನನ್ನನ್ನು ಕಳಿಸಿತು. ಘಟನೆಗೆ ಒಂದು ತಾಸು ಮೊದಲು ಅದೇ ಕಾರಿಗೆ ಡೀಸೆಲ್ ಹಾಕಿದವಳು ಉಮಾದೇವಿ. ಸ್ಟೀರಿಂಗ್ ಹಿಡಿದು ಕುಳಿತವನು ನಾಗೇಂದ್ರಪ್ಪನೇ. ನಾನು ಗಾಡಿಯ ಕೆಳಗೆ ಮಲಗಿದ್ದ ಆ ದಿನವೇ ಮಧ್ಯಾಹ್ನ ಎರಡಕ್ಕೆ ಚಿತ್ತಾಪುರದ ಮ್ಯಾಜಿಸ್ಟ್ರೇಟರ ಮುಂದೆ ಅವಳು ಹೇಳಿಕೆ ಕೊಡಬೇಕಿತ್ತು. ಅದು ಮುಂದಿನ ವಾರ ಎಂದು ನಾಗೇಂದ್ರಪ್ಪನ ಕಡೆಯವರು ನಂಬಿದ್ದರು.

ಈಗ ಗಂಟೆ ಹನ್ನೊಂದು.

ಸುಳ್ಳು ಹೇಳಲೇಬೇಕಿತ್ತು. ಆದರೆ ಇಲ್ಲದ ಊರು, ಇಲ್ಲದ ಮನೆ ಹೇಳಿದರೆ ಇವನು ಫೋನಿನಲ್ಲೇ ಪತ್ತೆ ಹಚ್ಚುತ್ತಾನೆ. ನಿಜವಾದ ಮನೆ ಬೇಕು. ಅದರಲ್ಲಿ ನಿಜವಾದ ಮನುಷ್ಯ ಇರಬೇಕು.

"ಚಂದ್ರಂಪಳ್ಳಿ," ಎಂದೆ. "ಡ್ಯಾಮಿನ ಹತ್ರ. ನರಸಪ್ಪ ಮೇಸ್ತ್ರಿ ಮನಿ. ಆಕಿನ್ನ ಎಲ್ಲಿ ಇಟ್ಟೀನಿ ಅಂತ ಅವನಿಗೆ ಗೊತ್ತದ."

"ಖರೆ?"

"ಚಕ್ರದ ಕೆಳಗ ಮಲ್ಕೊಂಡು ಯಾರ್ ಸುಳ್ಳ ಹೇಳ್ತಾರ?"

ಅವನು ನಕ್ಕ. ಲಿವರ್ ಪಾರ್ಕಿಗೆ ಬಂತು. ನಾನು ಉಸಿರು ಬಿಟ್ಟೆ.

"ಎಣ್ಣಿ ಇಳಿಸೋ ಬೋಲ್ಟ್ ಯಾವ್ದು?"

ನಾನು ಸ್ಪ್ಯಾನರಿನಿಂದ ಅದನ್ನು ತಟ್ಟಿ ಕೇಳಿಸಿದೆ.

"ಬಿಚ್ಚ್ರಿ. ನೀವ್ ನನ್ನ ಹಿಂದ ಬರಬಾರ್ದು."

ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲಲು ಕಂಪನಿ ಕೊಟ್ಟ ತೆಳು ತಟ್ಟೆಯನ್ನು ಎಸೆದು ಆಳದ ಅಲ್ಯೂಮಿನಿಯಂ ತಟ್ಟೆ ಕೂರಿಸಿದವಳು ನಾನೇ. ಎಣ್ಣೆ ಸುಲಭವಾಗಿ ಇಳಿಯಲಿ ಎಂದು ದಪ್ಪ ಬೋಲ್ಟ್ ಕೊಟ್ಟಿದ್ದೆ. ಬಿಚ್ಚಿದೆ. ಹೊಸ ಎಣ್ಣೆ ಕೆಂಪಗೆ, ಬೆಚ್ಚಗೆ ನನ್ನ ಕುತ್ತಿಗೆ, ಎದೆಯ ಮೇಲೆ ಸುರಿದು ಮಣ್ಣಿಗಿಳಿಯಿತು. ಒಂಬತ್ತು ಲೀಟರ್. ಕೊನೆಯ ಹನಿಯವರೆಗೂ ಅವನು ಮೇಲೆ ಕುಳಿತು ಕಾದ. ಆಮೇಲೆ ಇಂಜಿನ್ ನಿಲ್ಲಿಸಿದ. ನನ್ನ ಫೋನನ್ನು ಹಿಮ್ಮಡಿಯಲ್ಲಿ ಪುಡಿ ಮಾಡಿದ. ಮಿಕ್ಕ ಹೊಸ ಎಣ್ಣೆಯ ಡಬ್ಬ ಒದ್ದ.

"ನರಸಪ್ಪ ಏನೂ ಹೇಳ್ಲಿಲ್ಲ ಅಂದ್ರ?" ಹೋಗುವಾಗ ಕೇಳಿದ.

"ಹಟಮಾರಿ ಮುದುಕ. ಬಿಡಬ್ಯಾಡ," ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಯಾರೂ ಹೇಳಿಸಲಿಲ್ಲ.

ಅವನ ಜೀಪು ಚಿತ್ತಾಪುರದ ದಾರಿ ಹಿಡಿಯಿತು. ಅದರ ಮೇಲಿಂದ ಚಂದ್ರಂಪಳ್ಳಿಗೆ ಒಂದೂ ಮುಕ್ಕಾಲು ತಾಸು.

ನರಸಪ್ಪ ಯಾರು ಎಂದು ಹೇಳಬೇಕು. ಈ ಕೆಲಸ ನನಗೆ ಕಲಿಸಿದವನು. ಈ ಭಾಗದಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಮತ್ತೆ ಜೋಡಿಸಬಲ್ಲ ಒಬ್ಬನೇ ಮನುಷ್ಯ. ಅರವತ್ತೆಂಟು ವರ್ಷ. ಗೇರ್ ಬದಲಿಸುವ ವಾಲ್ವ್ ಬಾಡಿಯೊಳಗಿನ ಸಾಸಿವೆ ಗಾತ್ರದ ಗುಂಡುಗಳನ್ನು ಕಣ್ಣು ಮುಚ್ಚಿ ಬೆರಳ ತುದಿಯಲ್ಲೇ ಗುರುತಿಸುತ್ತಿದ್ದ. ನನ್ನ ಗಾಡಿಯ ಮುಂದೆ ಎಣ್ಣೆ ತಣಿಸುವ ಎರಡನೇ ಕೂಲರ್ ಕೂರಿಸಿದ್ದು ಅವನೇ. ಒಂದು ರೂಪಾಯಿ ಮುಟ್ಟಲಿಲ್ಲ. ಉಮಾದೇವಿ ಎಂಬ ಹೆಸರನ್ನೇ ಅವನು ಕೇಳಿರಲಿಲ್ಲ.

ಅಳಲು ಸಮಯ ಇರಲಿಲ್ಲ. ಬೆಳಿಗ್ಗೆ ಇಳಿಸಿದ ಹಳೆಯ ಎಣ್ಣೆ ಮೂಲೆಯ ಟಬ್ಬಿನಲ್ಲಿತ್ತು. ಕಾಡಿಗೆಯಷ್ಟು ಕಪ್ಪು. ಸುಟ್ಟ ವಾಸನೆ. ಒಳಗೆ ಉಕ್ಕಿನ ಸಣ್ಣ ಹುಡಿ. ನನ್ನ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಸೋಸಿದೆ. ಬೋಲ್ಟ್ ಬಿಗಿದು, ಕೈ ಪಂಪಿನಿಂದ ಗೇರ್‌ಬಾಕ್ಸಿಗೆ ಏರಿಸಿದೆ. ಕೊಳೆ ಎಣ್ಣೆ ಗೇರ್‌ಬಾಕ್ಸನ್ನು ತಿನ್ನುತ್ತದೆ. ಆದರೆ ನಿಧಾನವಾಗಿ ತಿನ್ನುತ್ತದೆ.

ಹನ್ನೆರಡೂ ಕಾಲಿಗೆ ಹೊರಟೆ. ಶಹಾಬಾದಿನತ್ತ.

ಉಮಾದೇವಿಯನ್ನು ನಾನು ಅಡಗಿಸಿದ್ದು ಸತ್ತ ತೌಹೀದನ ತಾಯಿ ಜೈತುನ್ಬೀಯ ಮನೆಯಲ್ಲಿ. ಅಲ್ಲಿ ಅಡಗಿಸುತ್ತಾರೆಂದು ಯಾರೂ ಎಣಿಸುವುದಿಲ್ಲ. ಆದರೂ ನಾಗೇಂದ್ರಪ್ಪ ಆ ಓಣಿಯ ಬಾಯಲ್ಲಿ ಲಕ್ಷ್ಮಿಕಾಂತ ಎಂಬ ಬೈಕಿನವನನ್ನು ಕಾವಲಿಗೆ ಇಟ್ಟಿದ್ದ. ನಾನು ಒಳಗೆ ಹೋಗುವಾಗ ಅವನು ಚಹಾದ ಅಂಗಡಿಯಲ್ಲಿ ಬೆನ್ನು ಹಾಕಿ ಕುಳಿತಿದ್ದ.

"ಈಗೇ ಹೊರಡಬೇಕು," ಎಂದೆ.

ಜೈತುನ್ಬೀ ತನ್ನ ಬುರ್ಖಾ ತೆಗೆದು ಉಮಾದೇವಿಗೆ ತೊಡಿಸಿದಳು.

"ಬೇಟಾ ಹೋದ," ಎಂದಳು ಉಮಾದೇವಿಗೆ. "ಅವನ ಸಲುವಾಗಿ ನೀ ಖರೆ ಹೇಳ್ಬೇಕು. ಅಂಜಿ ಬಾಯಿ ಮುಚ್ಚಿದ್ರ ನನ್ನ ಹೊಸ್ತಿಲ ಮತ್ತ ತುಳೀಬ್ಯಾಡ."

ಉಮಾದೇವಿ ತಲೆಯಾಡಿಸಿದಳು.

ಓಣಿ ದಾಟುತ್ತಿದ್ದಂತೆ ಕನ್ನಡಿಯಲ್ಲಿ ಬೈಕ್ ಕಂಡಿತು.

ನಾನು ಕಲ್ಲಿನ ಗಣಿಗಳ ನಡುವಿನ ದಾರಿಗೆ ತಿರುಗಿದೆ. ಎರಡೂ ಕಡೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ರಾಶಿ. ಬಿಳಿ ಧೂಳು. ಗೇರ್ ಜಾರತೊಡಗಿತ್ತು. ಇಂಜಿನ್ ಕೂಗುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಮೀಟರಿನಲ್ಲಿ ಎಣ್ಣೆಯ ಬಿಸಿ ನೂರಾ ಹದಿನೈದು ಡಿಗ್ರಿ; ನೂರು ದಾಟಬಾರದು. ಬೈಕ್ ಹತ್ತಿರವಾಯಿತು. ಲಕ್ಷ್ಮಿಕಾಂತ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಫೋನ್ ತೆಗೆದ. ಬುರ್ಖಾದೊಳಗೆ ಯಾರು ಎಂದು ಅವನಿಗೆ ಹೊಳೆದಿತ್ತು.

"ಸೀಟ್ ಗಟ್ಟಿ ಹಿಡಿ," ಎಂದೆ ಉಮಾದೇವಿಗೆ.

ಬ್ರೇಕ್ ಒತ್ತಿದೆ. ಗಾಡಿ ನಿಂತಿತು. ಲಿವರ್ ರಿವರ್ಸಿಗೆ ಎಳೆದೆ. ಬಲಗಾಲು ಪೂರ್ತಿ ಒತ್ತಿದೆ.

ಅರ್ಧ ಸೆಕೆಂಡು ಏನೂ ಆಗಲಿಲ್ಲ... ಕೊಳೆ ಎಣ್ಣೆ ಒಳಗೆ ಯೋಚಿಸಿತು. ಆಮೇಲೆ ಗೇರ್ ಗುದ್ದಿ ಹಿಡಿಯಿತು.

ಬೈಕ್ ನಮ್ಮ ಹಿಂಬಾಗಿಲಿಗೆ ಅಪ್ಪಳಿಸಿತು. ಫೋನ್ ಹಾರಿ ಕಲ್ಲಿನ ಧೂಳಿನಲ್ಲಿ ಬಿತ್ತು. ಇಳಿದು ನೋಡಿದೆ. ಅವನ ಕಾಲು ಬೈಕಿನ ಕೆಳಗೆ, ಯಾವ ಕಾಲೂ ತಿರುಗಬಾರದ ದಿಕ್ಕಿಗೆ ತಿರುಗಿತ್ತು.

"ಅಕ್ಕಾ... ಕಾಲು... ದವಾಖಾನಿಗೆ ಒಯ್ಯ್ರಿ ಅಕ್ಕಾ..."

"ನನಗೂ ಒಂದೇ ಕಾಲು," ಎಂದೆ. "ಬದುಕ್ಲಿಕತ್ತೀನಿ ನೋಡು."

ಫೋನ್ ಎತ್ತಿಕೊಂಡೆ. ಲಾಕ್ ತೆರೆದೇ ಇತ್ತು. ಅವನು ಇನ್ನೂ ಕರೆ ಒತ್ತಿರಲಿಲ್ಲ.

ಈಗ ನನ್ನ ಕೈಯಲ್ಲಿ ಒಂದು ಫೋನ್ ಇತ್ತು. ನರಸಪ್ಪನ ನಂಬರು ನನಗೆ ಬಾಯಿಪಾಠ. ಗಂಟೆ ಹನ್ನೆರಡೂ ಐವತ್ತು. ರಮೇಶಕುಮಾರ ಚಂದ್ರಂಪಳ್ಳಿಗೆ ಮೊದಲು ಸಿಗುವ ಚಂದಾಪುರ ಮುಟ್ಟಿರಬಹುದು, ಅಷ್ಟೆ. ಹತ್ತು ನಿಮಿಷ ಸಿಕ್ಕರೆ ನರಸಪ್ಪ ಹೆಂಡತಿಯ ಕೈ ಹಿಡಿದು ಕಾಡಿನೊಳಗೆ ಇಳಿಯಬಲ್ಲ.

ಆದರೆ ಮನೆ ಖಾಲಿ ಕಂಡರೆ ರಮೇಶಕುಮಾರನಿಗೆ ಎಲ್ಲ ತಿಳಿಯುತ್ತದೆ. ಒಂದು ಫೋನ್ ಮಾಡಿದರೆ ಕೋರ್ಟಿನ ಗೇಟಿನಲ್ಲಿ ಹತ್ತು ಜನ ನಿಲ್ಲುತ್ತಾರೆ.

ನಂಬರ್ ಒತ್ತಲಿಲ್ಲ.

ನೀವು ಏನು ಮಾಡುತ್ತಿದ್ದಿರಿ ಎಂದು ಕೇಳುವುದಿಲ್ಲ. ನಾನು ಮಾಡಿದ್ದನ್ನು ಹೇಳುತ್ತಿದ್ದೇನೆ.

ವಾಡಿ ದಾಟಿದೆವು. ಬಿಸಿ ನೂರಾ ಮೂವತ್ತು. ಕ್ಯಾಬಿನ್ ತುಂಬ ಸುಟ್ಟ ವಾಸನೆ. ಒಂದೂ ಇಪ್ಪತ್ತಕ್ಕೆ ಲಕ್ಷ್ಮಿಕಾಂತನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ 'ರಮೇಶಣ್ಣ'.

ಎತ್ತಿದೆ. ಮಾತಾಡಲಿಲ್ಲ.

"ಲಕ್ಷ್ಮ್ಯಾ, ಮುದುಕ ಬಾಯಿ ಬಿಡವಲ್ಲ," ಎಂದ ರಮೇಶಕುಮಾರ. ಅವನಿಗೆ ಏದುಸಿರು. "ಮೂರು ಬೆರಳು ಆದ್ವು. ಅಲ್ಲಿ ಏನರ ಸುದ್ದಿ ಅದನೂ?"

ಅವನ ಮಾತಿನ ಬೆನ್ನಿಗೇ ಒಂದು ಸದ್ದು ಕೇಳಿತು. ಹಸಿ ಕಡ್ಡಿ ಮುರಿದಂತೆ. ಅದರ ಹಿಂದೆಯೇ ನರಸಪ್ಪನ ಕೂಗು. ನನಗೆ ಬಯ್ಯುವಾಗ ಕೂಡ ದನಿ ಏರಿಸದ ಮನುಷ್ಯ ಅವನು.

ಫೋನ್ ಕಟ್ ಮಾಡಿದೆ. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಮೆಸೇಜ್ ಒತ್ತಿದೆ.

'ಸಿಗ್ನಲ್ ಇಲ್ಲ ಅಣ್ಣ. ಇಲ್ಲಿ ಯಾರೂ ಬಂದಿಲ್ಲ. ಅಲ್ಲೇ ಕೇಳು.'

"ಯಾರ್ರಿ ಅದು?" ಉಮಾದೇವಿ ಕೇಳಿದಳು.

"ರಾಂಗ್ ನಂಬರ್."

"ಯಾರೋ ಚೀರಿದಂಗ ಕೇಳ್ತು..."

"ಹೇಳಿಕಿ ನೆನಪು ಮಾಡ್ಕೋ. ಯಾವ ಬಣ್ಣದ ಕಾರು?"

"ಬಿಳೀದು."

"ನಂಬರ್?"

ಅವಳು ಹೇಳಿದಳು. ಕಣ್ಣೀರು ಒರೆಸಿಕೊಂಡು ಮತ್ತೊಮ್ಮೆ ಹೇಳಿದಳು. ನಾನು ಮತ್ತೆ ಮತ್ತೆ ಹೇಳಿಸಿದೆ. ಕ್ಯಾಬಿನ್ನಿನಲ್ಲಿ ಬೇರೆ ಯಾವ ದನಿಯೂ ಬೇಡವಾಗಿತ್ತು.

ಚಿತ್ತಾಪುರಕ್ಕೆ ನಾಲ್ಕು ಕಿಲೋಮೀಟರ್ ಇರುವಾಗ ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಗೇರ್‌ಬಾಕ್ಸ್ ಮೂರನೇ ಗೇರಿಗೆ ಸಿಕ್ಕಿಕೊಂಡಿತು. ಅದು ಸಾಯುವ ಮೊದಲು ತನ್ನನ್ನು ಉಳಿಸಿಕೊಳ್ಳುವ ರೀತಿ. ಮೇಲೆ ಹೋಗುವುದಿಲ್ಲ, ಕೆಳಗೆ ಬರುವುದಿಲ್ಲ. ಎತ್ತಿನ ಗಾಡಿಯ ಹಿಂದೆ ತೆವಳಿದೆವು. ನಿಂತರೆ ಮತ್ತೆ ಹೊರಡುವುದಿಲ್ಲ ಎಂದು ಗೊತ್ತಿತ್ತು. ರಸ್ತೆ ತಿರುವಿನ ಪೊಲೀಸ್ ಕೈ ಅಡ್ಡ ಹಿಡಿದ. ನಿಲ್ಲಿಸಲಿಲ್ಲ. ಅವನೇ ಪಕ್ಕಕ್ಕೆ ಹಾರಿದ.

ಕೋರ್ಟಿನ ಗೇಟಿನ ಮುಂದೆ ನಿಂತೆವು. ಒಂದೂ ಐವತ್ತೈದು. ಗಾಡಿಯ ಕೆಳಗಿಂದ ಹೊಗೆ ಬಂತು. ಒಳಗೆ ಏನೋ ಕಳಚಿ ಬಿದ್ದ ಸದ್ದು. ಅಲ್ಲಿಗೆ ಗೇರ್‌ಬಾಕ್ಸ್ ಮುಗಿಯಿತು.

ಉಮಾದೇವಿ ಒಳಗೆ ಹೋದಳು. ನಲವತ್ತು ನಿಮಿಷ ಮಾತಾಡಿದಳು. ಒಂದು ಅಕ್ಷರವನ್ನೂ ನುಂಗಲಿಲ್ಲ.

ಅವಳು ಹೊರಗೆ ಬಂದ ಮೇಲೆಯೇ ಚಂದ್ರಂಪಳ್ಳಿಯ ಹತ್ತಿರದ ಚಿಂಚೋಳಿ ಪೊಲೀಸರಿಗೆ ಫೋನ್ ಮಾಡಿದೆ. ಅದಕ್ಕಿಂತ ಮೊದಲಲ್ಲ.

ಮೂರು ದಿನದಲ್ಲಿ ನಾಗೇಂದ್ರಪ್ಪ ಜೈಲಿಗೆ ಹೋದ. ರಮೇಶಕುಮಾರ ಚಂದಾಪುರದ ಬಜಾರಿನಲ್ಲಿ ಸಿಕ್ಕ. ಲಕ್ಷ್ಮಿಕಾಂತನ ಕಾಲು ತೆಗೆದರು. ಜೈತುನ್ಬೀ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನನಗೆ ಆ ಕೈಗಳನ್ನು ಎಳೆದುಕೊಳ್ಳಬೇಕು ಅನಿಸಿತು.

ನಾಲ್ಕನೇ ದಿನ ಬಸ್ಸು ಹಿಡಿದು ನರಸಪ್ಪನನ್ನು ನೋಡಲು ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ಅವನ ಹೆಂಡತಿ ಮಹಾದೇವಮ್ಮ ನಿಂತಿದ್ದಳು. ನನ್ನನ್ನು ನೋಡಿ ದಾರಿ ಬಿಟ್ಟಳು. ನೀರು ಬೇಕೇ ಎಂದೂ ಕೇಳಲಿಲ್ಲ.

ಅವನ ಎರಡೂ ಕೈ ಮೊಣಕೈವರೆಗೆ ಬಿಳಿ ಪ್ಲಾಸ್ಟರ್. ಎಂಟು ಬೆರಳು ಮುರಿದಿದ್ದವು. ಅದರಲ್ಲಿ ಐದು ಇನ್ನು ಯಾವತ್ತೂ ಮಡಚುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು.

"ಕುಂದ್ರು," ಎಂದ.

ಕುಳಿತೆ.

"ಆ ಹೆಣ್ಮಗಳು ಎಲ್ಲಿ ಅದಾಳ ಅಂತ ಕೇಳ್ತಿದ್ದ. ಒಂದೊಂದು ಬೆರಳಿಗೂ ಒಮ್ಮೊಮ್ಮೆ. ಗೊತ್ತಿಲ್ಲ ಅಂದೆ. ನಂಬಲಿಲ್ಲ." ಅವನು ಮೇಲಿನ ಫ್ಯಾನ್ ನೋಡುತ್ತಿದ್ದ. "ನಾ ಏನ್ ಭಾಳ ಗಟ್ಟಿ ಮನುಷ್ಯ ಅಲ್ಲವ್ವಾ. ಗೊತ್ತಿದ್ರ ಮೊದಲನೇ ಬೆರಳಿಗೇ ಹೇಳಿಬಿಡ್ತಿದ್ದೆ."

"ಅದಕ್ಕೇ ಕಾಕಾ," ಎಂದೆ. "ಏನೂ ಗೊತ್ತಿಲ್ಲದವರ ಹೆಸರು ನಾ ಹೇಳಿದ್ದು."